ಚುಕ್ಕಿ ಫೈಲುಗಳ ಸಂಸಾರ

ಹೊಸ ಲ್ಯಾಪ್‌ಟಾಪ್ ಕೈಗೆ ಬಂದ ದಿನ ಸಾಫ್ಟ್‌ವೇರ್ ಕೆಲಸದವರಿಗೆ ಖುಷಿಯ ಬೆನ್ನಿಗೇ ಒಂದು ತಲೆನೋವೂ ಬರುತ್ತದೆ. ಟರ್ಮಿನಲ್ ತೆರೆದರೆ ಯಾರದೋ ಅಡುಗೆಮನೆಗೆ ಹೊಕ್ಕಂತೆ. ಉಪ್ಪೆಲ್ಲಿ, ಸೌಟೆಲ್ಲಿ ತಿಳಿಯದು. ಎರಡಕ್ಷರ ಒತ್ತಿದರೆ ನಡೆಯುತ್ತಿದ್ದ ಕೆಲಸ ಈಗ ನಡೆಯುವುದಿಲ್ಲ. ಎಡಿಟರಿನ ಬಣ್ಣ ಬೇರೆ, ಟ್ಯಾಬಿನ ಅಗಲ ಬೇರೆ, ಕನ್ನಡ ಟೈಪಿಸಲು ಹೋದರೆ ಕೀಲಿಮಣೆಯೇ ಸಿದ್ಧವಿಲ್ಲ. ವರ್ಷಗಟ್ಟಲೆ ಕೂಡಿಸಿಕೊಂಡ ಈ ಅನುಕೂಲಗಳೆಲ್ಲ ಇದ್ದದ್ದು ಹಳೆಯ ಯಂತ್ರದ ಹೋಮ್ ಫೋಲ್ಡರಿನಲ್ಲಿ, ಹೆಸರಿನ ಮುಂದೊಂದು ಚುಕ್ಕಿ ಇಟ್ಟುಕೊಂಡು ಕಣ್ಣಿಗೆ ಬೀಳದೆ ಕೂತ ಪುಟ್ಟ ಫೈಲುಗಳಲ್ಲಿ. ಇವನ್ನೇ ಡಾಟ್‌ಫೈಲ್ ಎನ್ನುತ್ತಾರೆ.

ಈ ಫೈಲುಗಳು ಮರೆಯಾಗಿ ಕೂತದ್ದು ಯಾರೋ ಯೋಚಿಸಿ ಮಾಡಿದ ಏರ್ಪಾಡಲ್ಲ. ಯೂನಿಕ್ಸ್‌ನ ಆರಂಭದ ದಿನಗಳಲ್ಲಿ ಫೋಲ್ಡರುಗಳ ನಡುವೆ ಓಡಾಡಲು ಒಂಟಿ ಚುಕ್ಕಿ, ಜೋಡಿ ಚುಕ್ಕಿ ಎಂಬ ಎರಡು ನಮೂದುಗಳನ್ನು ಸೇರಿಸಿದರು. ಎಲ್ಎಸ್ ಕಮ್ಯಾಂಡಿನ ಪಟ್ಟಿಯಲ್ಲಿ ಅವು ಕಾಣದಿರಲೆಂದು, ಹೆಸರಿನ ಮೊದಲ ಅಕ್ಷರ ಚುಕ್ಕಿಯಾದರೆ ಬಿಟ್ಟು ಮುಂದೆ ಹೋಗು ಎಂಬ ಸುಲಭದ ತಪಾಸಣೆ ಬರೆದರು. ಚುಕ್ಕಿಯಿಂದ ಶುರುವಾಗುವ ಪ್ರತಿಯೊಂದು ಫೈಲೂ ಅದರೊಂದಿಗೆ ಮಾಯವಾಯಿತು. ಬೆಲ್ ಲ್ಯಾಬ್ಸ್‌ನ ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಈ ಕತೆಯನ್ನು ಬಿಡಿಸಿ ಹೇಳಿ, ಅದು ತಪ್ಪಿನಿಂದ ಹುಟ್ಟಿದ್ದು ಎಂದೇ ಬರೆದರು. ಸೆಟ್ಟಿಂಗ್‌ಗಳನ್ನೆಲ್ಲ ‘.ಕಾನ್ಫಿಗ್’ ಎಂಬ ಒಂದೇ ಫೋಲ್ಡರಿಗೆ ತರಬೇಕೆಂಬ ಎಕ್ಸ್‌ಡಿಜಿ ನಿಯಮ 2003ರಷ್ಟು ಹಿಂದೆಯೇ ಬಂತು. ಎಲ್ಲ ಪ್ರೋಗ್ರಾಂಗಳೂ ಅದನ್ನು ಪಾಲಿಸುತ್ತಿಲ್ಲ.

ಈ ಚುಕ್ಕಿ ಫೈಲುಗಳನ್ನು ಗಿಟ್ ರೆಪೊದಲ್ಲಿ ಇಟ್ಟುಕೊಳ್ಳುವ ರೂಢಿ ಈಗ ವ್ಯಾಪಕ. ಡಾಟ್‌ಫೈಲುಗಳಿರುವುದೇ ಫೋರ್ಕ್ ಮಾಡಲು ಎಂದು ಝ್ಯಾಕ್ ಹೋಲ್ಮನ್ 2010ರಲ್ಲಿ ಬರೆದ ಮೇಲೆ ಪರಸ್ಪರರ ಸೆಟ್ಟಿಂಗ್ ನೋಡಿ ಕಲಿಯುವ ಉತ್ಸಾಹ ಹೆಚ್ಚಿತು. ನೋಡಿ ಕಲಿಯುವುದು ಒಳ್ಳೆಯದೇ. ಆದರೆ ಇಡೀ ರೆಪೊ ತಂದು ಸುರಿದುಕೊಳ್ಳುವವರು, ಮುಂದೆ ಏನಾದರೂ ಕೆಟ್ಟಾಗ ಯಾವ ಸಾಲು ಏನು ಮಾಡುತ್ತದೆಂದು ತಿಳಿಯದೆ ಒದ್ದಾಡುತ್ತಾರೆ. ಮಥಿಯಾಸ್ ಬೈನೆನ್ಸ್ ಅವರ ಹೆಸರಾಂತ ರೆಪೊದಲ್ಲಿರುವ ಮ್ಯಾಕ್ ಸ್ಕ್ರಿಪ್ಟ್ ಒಂದೇ ಏಟಿಗೆ ಎಷ್ಟೋ ಸೆಟ್ಟಿಂಗ್‌ಗಳನ್ನು ಬದಲಿಸಿಬಿಡುತ್ತದೆ. ಅದನ್ನು ಓದಬೇಕು, ಅರ್ಥವಾದ ಸಾಲನ್ನಷ್ಟೇ ಎತ್ತಿಕೊಳ್ಳಬೇಕು.

ರೆಪೊದಲ್ಲಿರುವ ಫೈಲುಗಳನ್ನು ಹೋಮ್ ಫೋಲ್ಡರಿಗೆ ಜೋಡಿಸುವ ಸಾಧನಗಳಲ್ಲಿ ಹಳೆಯದು ಗ್ನೂ ಸ್ಟೋ. ಬಾಬ್ ಗ್ಲಿಕ್‌ಸ್ಟೈನ್ 1993ರಲ್ಲಿ ಪರ್ಲ್ ಭಾಷೆಯಲ್ಲಿ ಬರೆದ ಇದರ ಮೂಲ ಉದ್ದೇಶವೇ ಬೇರೆ: ತಾವೇ ಕಂಪೈಲ್ ಮಾಡಿದ ಸಾಫ್ಟ್‌ವೇರುಗಳನ್ನು ಒಪ್ಪವಾಗಿಡುವುದು. ಡಾಟ್‌ಫೈಲುಗಳಿಗೆ ಬಳಸಿದಾಗ ಅಸಲಿ ಫೈಲು ರೆಪೊದಲ್ಲೇ ಉಳಿದು, ಹೋಮ್ ಫೋಲ್ಡರಿನಲ್ಲಿ ಅದಕ್ಕೊಂದು ಸಿಮ್‌ಲಿಂಕ್ ಬೀಳುತ್ತದೆ. ಕಲಿಯಲು ಹತ್ತು ನಿಮಿಷ ಸಾಕು. ಆದರೆ ಇದರ ಒಂದು ಗುಣ ತಿಳಿಯದವರು ಪೆಟ್ಟು ತಿನ್ನುತ್ತಾರೆ. ಗುರಿಯ ಜಾಗದಲ್ಲಿ ಫೋಲ್ಡರ್ ಇರದಿದ್ದರೆ ಸ್ಟೋ ಒಳಗಿನ ಫೈಲುಗಳನ್ನು ಬಿಟ್ಟು ಇಡೀ ಫೋಲ್ಡರಿಗೇ ಲಿಂಕ್ ಹಾಕುತ್ತದೆ. ಆಮೇಲೆ ಆ ಪ್ರೋಗ್ರಾಂ ಅಲ್ಲಿ ಬರೆಯುವ ಹಿಸ್ಟರಿ, ಕ್ಯಾಶ್, ಕೆಲವೊಮ್ಮೆ ಲಾಗಿನ್ ಟೋಕನ್ ಕೂಡ ನೇರವಾಗಿ ರೆಪೊದೊಳಗೆ ಬಂದು ಬೀಳುತ್ತದೆ. ‘ನೋ-ಫೋಲ್ಡಿಂಗ್’ ಆಯ್ಕೆ ಕೊಟ್ಟರೆ ಈ ಕಾಟವಿಲ್ಲ. ಹೊಸಬರ ಪಾಲಿಗೆ ಅದೇ ಮೊದಲ ಪಾಠವಾಗಬೇಕಿತ್ತು.

ಸ್ಟೋಗೆ ಎದುರಾಗಿ ನಿಲ್ಲುವುದು ಶೇಮ್ವಾ. ಫ್ರೆಂಚಿನಲ್ಲಿ ‘ನನ್ನ ಮನೆಯಲ್ಲಿ’ ಎಂದರ್ಥ. ಟಾಮ್ ಪೇನ್ 2018ರಲ್ಲಿ ಗೋ ಭಾಷೆಯಲ್ಲಿ ಬರೆಯತೊಡಗಿದ ಈ ಸಾಧನ ಲಿಂಕ್ ಹಾಕುವ ಬದಲು ನಿಜವಾದ ಪ್ರತಿಯನ್ನೇ ಬರೆಯುತ್ತದೆ. ಬರೆಯುವ ಮುನ್ನ ಏನು ಬದಲಾಗಲಿದೆಯೆಂದು ಡಿಫ್ ತೋರಿಸಬಲ್ಲದು; ನಡುವೆ ಬೇರೆ ಯಾರಾದರೂ ಆ ಫೈಲನ್ನು ತಿದ್ದಿದ್ದರೆ ನಿಂತು ಕೇಳುತ್ತದೆ. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಭಾಗಗಳಿಗೆ ಟೆಂಪ್ಲೇಟ್ ಇದೆ: ಮ್ಯಾಕ್ ಆದರೆ ಈ ಸಾಲು, ಲಿನಕ್ಸ್ ಆದರೆ ಆ ಸಾಲು. ಆಫೀಸಿನ ಮ್ಯಾಕ್, ಮನೆಯ ಲಿನಕ್ಸ್ ಎರಡನ್ನೂ ಒಂದೇ ರೆಪೊದಿಂದ ನಡೆಸುವವರಿಗೆ ಇದು ದೊಡ್ಡ ಉಪಕಾರ.

ಅದಕ್ಕೆ ತೆರುವ ಬೆಲೆ ಸಣ್ಣದಲ್ಲ. ‘.ಬ್ಯಾಶ್ಆರ್‌ಸಿ’ ಎಂಬ ಫೈಲು ರೆಪೊದಲ್ಲಿ ‘ಡಾಟ್_ಬ್ಯಾಶ್ಆರ್‌ಸಿ’ ಆಗುತ್ತದೆ. ಖಾಸಗಿಯಾದರೆ ಇನ್ನೊಂದು ಪೂರ್ವಪದ, ಕಾರ್ಯಗತವಾಗುವ ಫೈಲಾದರೆ ಮತ್ತೊಂದು. ಅಭ್ಯಾಸಬಲದಿಂದ ಹೋಮ್ ಫೋಲ್ಡರಿನ ಫೈಲನ್ನೇ ತಿದ್ದಿಬಿಟ್ಟರೆ ಅದನ್ನು ‘ರೀ-ಆ್ಯಡ್’ ಮಾಡಿ ರೆಪೊಗೆ ತರಬಹುದು. ಆದರೆ ಟೆಂಪ್ಲೇಟ್ ಆಗಿರುವ ಫೈಲುಗಳಿಗೆ ಆ ದಾರಿ ಮುಚ್ಚಿದೆ, ಕೈಯಾರೆ ಹೊಂದಿಸಬೇಕು. ಹಾಗಾಗಿ ಟೆಂಪ್ಲೇಟುಗಳು ಕಡಿಮೆಯಿದ್ದಷ್ಟೂ ಶೇಮ್ವಾ ಚೆನ್ನ. ಆಫೀಸಿಗೊಂದು ಇಮೇಲ್, ಸ್ವಂತಕ್ಕೊಂದು ಇಮೇಲ್ ಎಂಬ ಸಾಮಾನ್ಯ ಅಗತ್ಯಕ್ಕೆ ಟೆಂಪ್ಲೇಟೇ ಬೇಕಿಲ್ಲ. ಯಾವ ಫೋಲ್ಡರಿನಲ್ಲಿದ್ದೇವೆ ಎಂಬುದರ ಮೇಲೆ ಸೆಟ್ಟಿಂಗ್ ಆರಿಸುವ ‘ಇನ್‌ಕ್ಲೂಡ್‌ಇಫ್’ ಸೌಲಭ್ಯ 2017ರ 2.13ನೇ ಆವೃತ್ತಿಯಿಂದ ಗಿಟ್‌ನಲ್ಲೇ ಇದೆ.

ಕನ್ನಡದಲ್ಲಿ ಬರೆಯುವ ಡೆವಲಪರ್‌ನ ಯಂತ್ರವನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಮಿತಿ ಕಾಣುತ್ತದೆ. ಗುಬ್ಬಿ ಅಥವಾ ನವಿಲು ಫಾಂಟೇ ಮೊದಲು ಬರಲಿ ಎಂದು ಹೇಳುವ ಫಾಂಟ್‌ಕಾನ್ಫಿಗ್ ಕಡತ ಸಾದಾ ಪಠ್ಯ; ಸುಮ್ಮನೆ ರೆಪೊಗೆ ಹಾಕಿದರಾಯಿತು. ಕಗಪ ಕೀಲಿಮಣೆಯ ಆಯ್ಕೆ ಹಾಗಲ್ಲ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಅದು ‘ಡಿಕಾನ್ಫ್’ ಎಂಬ ಬೈನರಿ ಕೋಶದಲ್ಲಿ ಕೂತಿರುತ್ತದೆ. ಅದನ್ನು ಹಾಗೇ ಕಮಿಟ್ ಮಾಡಿದರೆ ಏನು ಬದಲಾಯಿತೆಂದು ಓದಲಾಗದು. ‘ಡಿಕಾನ್ಫ್ ಡಂಪ್’ ಮಾಡಿ, ಇನ್‌ಪುಟ್ ಮೂಲಗಳ ಭಾಗವನ್ನಷ್ಟೇ ಪಠ್ಯವಾಗಿ ಇಳಿಸಿಕೊಂಡು, ಹೊಸ ಯಂತ್ರದಲ್ಲಿ ‘ಲೋಡ್’ ಮಾಡಬೇಕು. ಬರೀ ಲಿಂಕ್ ಹಾಕುವ ಸ್ಟೋಗೆ ಇದು ಒಗ್ಗುವುದಿಲ್ಲ. ಕಡತ ಬದಲಾದಾಗ ಮಾತ್ರ ಓಡುವ ಸ್ಕ್ರಿಪ್ಟನ್ನು ಶೇಮ್ವಾಗೆ ವಹಿಸಿದರೆ ಕೀಲಿಮಣೆ ತಾನಾಗಿ ಬರುತ್ತದೆ. ಶೇಮ್ವಾ ತನ್ನ ತೂಕ ತೋರಿಸುವುದು ಇಂಥಲ್ಲಿ.

ನಿಕ್ಸ್ ಆಧಾರಿತ ಹೋಮ್ ಮ್ಯಾನೇಜರ್ ಇನ್ನೂ ಮುಂದೆ ಹೋಗಿ, ಸೆಟ್ಟಿಂಗ್ ಜೊತೆಗೆ ಸಾಫ್ಟ್‌ವೇರುಗಳನ್ನೂ ಒಂದೇ ಬರವಣಿಗೆಯಲ್ಲಿ ಹಿಡಿದಿಡುತ್ತದೆ. ಶಕ್ತಿವಂತ ಸಾಧನ, ಆದರೆ ಅದಕ್ಕಾಗಿ ಒಂದು ಭಾಷೆಯನ್ನೇ ಕಲಿಯಬೇಕು. ನಾಲ್ಕೈದು ಫೈಲುಗಳಿಗಾಗಿ ಅಷ್ಟು ಶ್ರಮ ಬೇಡ.

ಯಾವುದನ್ನು ಆರಿಸಿದರೂ ಪಾಸ್‌ವರ್ಡ್, ಎಸ್ಎಸ್ಎಚ್ ಖಾಸಗಿ ಕೀ, ಎಪಿಐ ಟೋಕನ್ ರೆಪೊಗೆ ಹೋಗಕೂಡದು. ಮರುದಿನ ಅಳಿಸಿ ಕಮಿಟ್ ಮಾಡಿದರೂ ಗಿಟ್ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಒಮ್ಮೆ ಹೊರಬಿದ್ದ ಕೀಯನ್ನು ರದ್ದುಮಾಡಿ ಹೊಸದು ಪಡೆಯುವುದೇ ಪರಿಹಾರ. ಶೇಮ್ವಾ ಪಾಸ್‌ವರ್ಡ್ ಮ್ಯಾನೇಜರಿನಿಂದ ನೇರವಾಗಿ ಗುಟ್ಟುಗಳನ್ನು ಓದಿಕೊಳ್ಳಬಲ್ಲದು. ಸ್ಟೋ ಈ ವಿಷಯದಲ್ಲಿ ಏನೂ ಮಾಡದು.

ಒಂದೇ ಯಂತ್ರ ಇರುವವರಿಗೆ ಸ್ಟೋ ಮತ್ತು ಗಿಟ್ ಸಾಕು. ಬೇರೆ ಬೇರೆ ಬಗೆಯ ಎರಡು ಯಂತ್ರಗಳಿದ್ದರೆ ಶೇಮ್ವಾ ಕಲಿಯಲು ಹಾಕಿದ ಒಂದು ದಿನ ನಷ್ಟವಲ್ಲ. ಎರಡರಲ್ಲಿ ಯಾವುದಾದರೂ ಸರಿ, ಹಳೆಯ ಲ್ಯಾಪ್‌ಟಾಪ್ ಕೈಕೊಡುವವರೆಗೆ ಕಾಯಬೇಡಿ. ಅದೇ ಯಂತ್ರದಲ್ಲಿ ಹೊಸದೊಂದು ಯೂಸರ್ ಖಾತೆ ತೆರೆದು, ರೆಪೊ ಕ್ಲೋನ್ ಮಾಡಿ, ಅಲ್ಲಿ ಒಂದು ಗಂಟೆ ಕೆಲಸ ಮಾಡಿ ನೋಡಿ. ಏನೇನು ಬಿಟ್ಟುಹೋಗಿದೆ ಎಂಬುದು ಆಗಲೇ ತಿಳಿಯುತ್ತದೆ.