ನರಗಾಯದ ನೋವು: ಗಂಡಿಲಿಯ ಸಾಕ್ಷ್ಯವೊಂದೇ ಸಾಲದು
ನರಕ್ಕೆ ತಗುಲಿದ ಗಾಯ ಮಾಯ್ದ ಮೇಲೂ ನೋವು ಉಳಿಯುವುದೇಕೆ? ಮಕೋಟೊ ತ್ಸುದಾ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೆ ಮಹತ್ತ್ವದ ಉತ್ತರವನ್ನಿತ್ತರು: ಬೆನ್ನುಹುರಿಯ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಗಳು ಉದ್ರೇಕಗೊಂಡು ನೋವನ್ನು ಉಳಿಸುತ್ತವೆ. ಈ ಮತವು ಬಹುಕಾಲ ಸಾರ್ವತ್ರಿಕವೆಂದೇ ಗಣಿತವಾಯಿತು. ಆದರೆ ಇಂತಹ ಪ್ರಯೋಗಗಳಿಗೆ ಒಳಗಾದವು ಬಹುಮಟ್ಟಿಗೆ ಗಂಡುಪ್ರಾಣಿಗಳು. 2015ರಲ್ಲಿ ರಾಬರ್ಟ್ ಸೋರ್ಜ್, ಜೆಫ್ರಿ ಮೊಗಿಲ್ ಮೊದಲಾದವರು ಹೆಣ್ಣಿಲಿಗಳನ್ನೂ ಪರೀಕ್ಷಿಸಿದರು. ಮೈಕ್ರೋಗ್ಲಿಯಗಳನ್ನು ತಡೆದಾಗ ಗಂಡಿಲಿಗಳ ನೋವು ತಗ್ಗಿತು, ಹೆಣ್ಣಿಲಿಗಳದು ತಗ್ಗಲಿಲ್ಲ. ಇವುಗಳಲ್ಲಿ ಆ ಕಾರ್ಯ ಟಿ-ಕೋಶಗಳದೆಂದು ತೋರಿತು. ದೋಷವು ಮೊದಲಿನ ಪ್ರಯೋಗದ್ದಲ್ಲ, ಅದರಿಂದ ಹೊರಡಿಸಿದ ಸಾಮಾನ್ಯ ನಿಯಮದ್ದು. ಯಮಕನಮರಡಿಯ ಸುತ್ತಣ ಕಬ್ಬಿನ ಹೊಲಗಳಲ್ಲಿ ಹೆಂಗಸರೂ ದುಡಿಯುತ್ತಾರೆ. ಕುಡುಗೋಲು ತಗುಲಿ ಅವರ ಬೆರಳಿನ ನರ ಕಡಿದರೆ, ಗಂಡಿಲಿಯನ್ನಷ್ಟೇ ನೋಡಿ ರೂಪಿಸಿದ ಔಷಧ ಫಲಿಸೀತೆಂಬ ಭರವಸೆ ಎಲ್ಲಿಯದು? ಇಲಿಯಿಂದ ಮನುಷ್ಯನಿಗೆ ದಾಟುವ ಮುನ್ನ ಈ ಅರ್ಧವನ್ನು ಪೂರೈಸುವುದು ಸಂಶೋಧಕರ ಕರ್ತವ್ಯ.