ನವಿಲುಗರಿ ಇಟ್ಟ ಪುಟ ಎಲ್ಲಿ?

ಮಹಾಪ್ರಬಂಧದ ಮೂರನೆಯ ಅಧ್ಯಾಯದ ಅಡಿಟಿಪ್ಪಣಿಗಳನ್ನು ಸರಿಪಡಿಸಲು ಕುಳಿತ ದಿನ ನನ್ನ ಎದೆ ಧಸಕ್ಕೆಂದಿತು. ಕನ್ನಡ ಜಾಲತಾಣಗಳಲ್ಲಿ ಬಂದ ಕಥಾವಿಮರ್ಶೆಗಳ ಕೊಂಡಿಗಳನ್ನು ನಾಲ್ಕು ವರ್ಷಗಳಿಂದ ಕೂಡಿಟ್ಟಿದ್ದೆ. ಒಂದೊಂದನ್ನೇ ಒತ್ತುತ್ತ ಹೋದರೆ ಮೂರರಲ್ಲೊಂದು ತೆರೆಯಲಿಲ್ಲ. ಒಂದು ಕಡೆ ತಾಣವೇ ಇಲ್ಲ. ಇನ್ನೊಂದು ಕಡೆ ತಾಣವಿದೆ, ಲೇಖನವಿಲ್ಲ. ಮತ್ತೊಂದು ಕಡೆ ಸಾಹಿತ್ಯ ಪತ್ರಿಕೆಯ ವಿಳಾಸದಲ್ಲಿ ಜೂಜಿನ ಜಾಹೀರಾತು. ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: "ಅವರು ಹೀಗೆ ಬರೆದಿದ್ರು ಅನ್ನೋದಕ್ಕೆ ಈಗ ಏನಮ್ಮ ಆಧಾರ?"

ಇದು ನನ್ನೊಬ್ಬಳ ಪಾಡಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳಲ್ಲಿ ಕಣ್ಮರೆಯಾಗಿವೆ. ಚಿಕ್ಕವರಿದ್ದಾಗ ಪುಸ್ತಕದೊಳಗೆ ನವಿಲುಗರಿ ಇಟ್ಟು ಅದು ಮರಿ ಹಾಕುತ್ತದೆಂದು ಕಾಯುತ್ತಿದ್ದೆವು. ಈಗ ಗರಿ ಕೈಯಲ್ಲೇ ಇದೆ, ಪುಸ್ತಕವೇ ಇಲ್ಲ.

ಆ ದಿನದಿಂದ ಕೊಂಡಿ ಕೂಡಿಡುವ ಪರಿಕರಗಳನ್ನು ಬರಿಯ ಸಲಕರಣೆಗಳಾಗಿ ನೋಡುವುದನ್ನು ಬಿಟ್ಟೆ. ಓದು ಎಂದರೇನು ಎಂಬ ಬಗ್ಗೆ ಪ್ರತಿಯೊಂದಕ್ಕೂ ಒಂದು ನಿಲುವಿದೆ. ವಿಮರ್ಶೆ ಆ ನಿಲುವನ್ನು ಕೇಳಬೇಕು.

ಜೋಶುವಾ ಶಾಕ್ಟರ್ 2003ರಲ್ಲಿ ಆರಂಭಿಸಿದ ಡೆಲಿಷಿಯಸ್‌ನ ನಿಲುವು ಸರಳ: ಓದು ಸಾರ್ವಜನಿಕ. ನೀವು ಉಳಿಸಿದ್ದನ್ನು ಎಲ್ಲರೂ ನೋಡಬಹುದು, ನಿಮಗೆ ತೋಚಿದ ಟ್ಯಾಗ್ ಹಚ್ಚಬಹುದು. ಹೀಗೆ ಓದುಗರೇ ಕಟ್ಟುವ ವಿಂಗಡಣೆಗೆ ಥಾಮಸ್ ವಾಂಡರ್ ವಾಲ್ 2004ರಲ್ಲಿ 'ಫೋಕ್ಸಾನಮಿ' ಎಂದು ಹೆಸರಿಟ್ಟರು. ಗ್ರಂಥಾಲಯದ ಕಪಾಟಿನಲ್ಲಿ 'ಕರ್ವಾಲೊ' ಕಾದಂಬರಿಗಳ ಸಾಲಿನಲ್ಲಿ ಮಾತ್ರ ಇರಬಲ್ಲದು. ಓದುಗರಿಗೆ ಬಿಟ್ಟರೆ ಒಬ್ಬರು 'ಮಲೆನಾಡು' ಎನ್ನುತ್ತಾರೆ, ಒಬ್ಬರು 'ವಿಜ್ಞಾನ', ಇನ್ನೊಬ್ಬರು 'ಹಾರುವ ಓತಿ'. ಮೂವರೂ ಮಾಡಿದ್ದು ವಿಮರ್ಶೆಯ ಮೊದಲ ಕೆಲಸವನ್ನೇ.

ಆದರೆ ಆ ಚಾವಡಿಯ ಒಡೆತನ ಓದುಗರದಾಗಿರಲಿಲ್ಲ. 2005ರಲ್ಲಿ ಯಾಹೂ ಅದನ್ನು ಕೊಂಡಿತು. 2010ರಲ್ಲಿ ಮುಚ್ಚುವ ಸುದ್ದಿ ಸೋರಿತು. 2011ರಲ್ಲಿ ಯೂಟ್ಯೂಬ್ ಸ್ಥಾಪಕರ ಕೈಸೇರಿ ಹೊಸ ರೂಪ ತಾಳಿತು. ಹೊಸ ರೂಪದಲ್ಲಿ ಓರೆಗೆರೆಯಿರುವ ಟ್ಯಾಗ್‌ಗಳ ಹುಡುಕಾಟ ಕೆಟ್ಟುಹೋಯಿತು. ಇದು ಯಾರಿಗೆ ದೊಡ್ಡ ವಿಷಯ? ಅಭಿಮಾನಿ ಕಥೆಗಳನ್ನು ಬರೆದು ಓದುವ ಸಾವಿರಾರು ಮಂದಿಗೆ. ಯಾವ ಪಾತ್ರಕ್ಕೆ ಯಾವ ಪಾತ್ರ ಜೋಡಿ ಎಂಬುದನ್ನು ಅವರು ಓರೆಗೆರೆಯಿಂದಲೇ ಗುರುತಿಸುತ್ತಿದ್ದರು. ಅವರೆಲ್ಲ ಮಾಚೆಯ್ ಸೆಗ್ಲೋವ್‌ಸ್ಕಿ 2009ರಲ್ಲಿ ಆರಂಭಿಸಿದ್ದ ಪಿನ್‌ಬೋರ್ಡ್ ಕಡೆಗೆ ವಲಸೆ ಹೋದರು. ನಿಮಗೇನು ಬೇಕೆಂದು ಆತ ಕೇಳಿದಾಗ, ಒಟ್ಟಾಗಿ ಹತ್ತಾರು ಪುಟಗಳ ಬೇಡಿಕೆಪಟ್ಟಿಯನ್ನೇ ಬರೆದುಕೊಟ್ಟರು. ಯಾವ ವಿಶ್ವವಿದ್ಯಾಲಯವೂ ಗಂಭೀರವೆಂದು ಎಣಿಸದ ಓದುಗರು ತಮ್ಮ ಸಾಹಿತ್ಯಕ್ಕೆ ತಾವೇ ಸೂಚಿ ಕಟ್ಟಿಕೊಂಡಿದ್ದರು ಎಂಬುದು ನನಗಂತೂ ಪಾಠ. 2017ರಲ್ಲಿ ಪಿನ್‌ಬೋರ್ಡೇ ಡೆಲಿಷಿಯಸ್ಸನ್ನು 35,000 ಡಾಲರಿಗೆ ಕೊಂಡಿತು.

ಪಿನ್‌ಬೋರ್ಡ್‌ನದು ಕಾಸು ಕೊಟ್ಟು ಬಳಸುವ ವ್ಯವಸ್ಥೆ. ಬಳಕೆದಾರರ ಹಣದಿಂದಲೇ ನಡೆಯುವುದರಿಂದ ಅವರನ್ನು ಜಾಹೀರಾತುದಾರರಿಗೆ ಮಾರಬೇಕಿಲ್ಲ. ಹೆಚ್ಚು ಹಣ ಕೊಟ್ಟರೆ ಪುಟದ ನಕಲೂ ಉಳಿಯುತ್ತದೆ. ಆದರೆ ಇಡೀ ಭಾರ ಒಬ್ಬನ ಹೆಗಲ ಮೇಲಿದೆ. ಅಲ್ಲಿ ಟ್ಯಾಗಿನೊಳಗೆ ಖಾಲಿ ಜಾಗ ಬಿಡುವಂತಿಲ್ಲ. ಸಮಾಸ ಬಲ್ಲ ನಮ್ಮ ಭಾಷೆಗೆ 'ನವ್ಯವಿಮರ್ಶೆ' ಎಂದು ಕೂಡಿಸಿ ಬರೆಯುವುದು ಕಷ್ಟವೇನಲ್ಲ. ಕಷ್ಟವಿರುವುದು ಬೇರೆ ಕಡೆ. 'ಬೇಂದ್ರೆ', 'ದ.ರಾ.ಬೇಂದ್ರೆ', 'ಅಂಬಿಕಾತನಯದತ್ತ' ಮೂವರೂ ಒಬ್ಬರೇ ಎಂದು ಯಂತ್ರಕ್ಕೆ ತಿಳಿಯದು. ಟ್ಯಾಗ್ ಸ್ವಾತಂತ್ರ್ಯ ಕೊಡುತ್ತದೆ, ಶಿಸ್ತು ಕೊಡುವುದಿಲ್ಲ.

'ರೀಡ್ ಇಟ್ ಲೇಟರ್' ಎಂಬ ಹೆಸರಿನಲ್ಲಿ 2007ರಲ್ಲಿ ಹುಟ್ಟಿದ ಪಾಕೆಟ್‌ನ ನಿಲುವು ಇದಕ್ಕೆ ವಿರುದ್ಧ: ಓದು ಖಾಸಗಿ, ಅದನ್ನು ನಾಳೆಗೆ ಮುಂದೂಡಬಹುದು. ಜಾಹೀರಾತು, ಅಲಂಕಾರಗಳನ್ನು ತೆಗೆದು ಬರಹವನ್ನಷ್ಟೇ ಕೊಡುವ ಅದರ ಹದ ಕಣ್ಣಿಗೆ ಹಿತವಾಗಿತ್ತು. ಆದರೆ ಲೇಖನದ ಕೆಳಗೆ ಓದುಗರು ನಡೆಸಿದ ಜಗಳವೂ ಅಧ್ಯಯನದ ವಸ್ತುವಾಗಿರುವ ನನ್ನಂಥವರಿಗೆ ಅದು ಹಣ್ಣು ಕೊಟ್ಟು ಮರ ಮರೆಸಿದ ಹಾಗೆ. ಮೊಜಿಲ್ಲಾ 2017ರಲ್ಲಿ ಅದನ್ನು ಕೊಂಡು 2025ರ ಜುಲೈನಲ್ಲಿ ಮುಚ್ಚಿತು. ನಾಳೆ ಓದೋಣ ಎಂದಿಟ್ಟವರಿಗೆ ನಾಳೆ ಬರಲಿಲ್ಲ.

ಡೀಗೊ ಪುಟದ ಮೇಲೆಯೇ ಗೆರೆ ಎಳೆದು ಟಿಪ್ಪಣಿ ಅಂಟಿಸಲು ಬಿಡುತ್ತದೆ. ಗ್ರಂಥಾಲಯದ ಪುಸ್ತಕದಲ್ಲಿ ಹಿಂದಿನ ಓದುಗರ ಪೆನ್ಸಿಲ್ ಗುರುತು ಕಂಡಾಗಿನ ಸಣ್ಣ ಸಂತೋಷ ಅದರಲ್ಲಿದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಹುಟ್ಟಿದ ಜೊಟೆರೊ ಇವೆಲ್ಲಕ್ಕಿಂತ ನೀರಸ, ಆದರೆ ನಂಬಿಗಸ್ತ. ಮುಕ್ತ ತಂತ್ರಾಂಶವಾದ ಅದು ವಿಳಾಸದ ಜೊತೆಗೆ ಪುಟದ ಪ್ರತಿಯನ್ನೂ ನನ್ನದೇ ಕಂಪ್ಯೂಟರಿನಲ್ಲಿ ಇಡುತ್ತದೆ. ತಾಣ ಲೇಖಕರ ಹೆಸರು, ದಿನಾಂಕಗಳನ್ನು ಯಂತ್ರಕ್ಕೆ ತಿಳಿಯುವಂತೆ ಕೊಡದಿದ್ದರೆ ಕೈಯಾರೆ ತುಂಬಬೇಕು. ಹಂಚಿಕೆ ಗುಂಪಿನ ಗ್ರಂಥಾಲಯದ ಮೂಲಕ. ಡೆಲಿಷಿಯಸ್‌ನ ಸಂತೆಯ ಗಲಗಲ ಅಲ್ಲಿಲ್ಲ.

ನನ್ನ ತೀರ್ಮಾನ ಇಷ್ಟು. ಪರಿಕರವೊಂದನ್ನು ಆರಿಸುವ ಮುನ್ನ ಮೂರು ಪ್ರಶ್ನೆ ಕೇಳಿ: ಇದು ಉಳಿಸುವುದು ವಿಳಾಸವನ್ನೋ ಬರಹವನ್ನೋ? ನಾಳೆ ಬಾಗಿಲು ಮುಚ್ಚಿದರೆ ನನ್ನ ಗಂಟು ನನಗೆ ಸಿಗುತ್ತದೆಯೇ? ನನ್ನ ಓದು ಇನ್ನೊಬ್ಬರಿಗೆ ದಾರಿಯಾಗುತ್ತದೆಯೇ? ಮೊದಲೆರಡಕ್ಕೆ ಜೊಟೆರೊ ಉತ್ತರಿಸುತ್ತದೆ. ಮೂರನೆಯದಕ್ಕೆ ಡೆಲಿಷಿಯಸ್‌ನಷ್ಟು ಉದಾರ ಉತ್ತರ ಕೊಟ್ಟದ್ದು ಇನ್ನೊಂದಿಲ್ಲ, ಅದೇ ಉಳಿಯಲಿಲ್ಲ. ಇವತ್ತು ನಾವು ಕೊಂಡಿ ಹಂಚುವುದು ವಾಟ್ಸಾಪ್ ಗುಂಪುಗಳಲ್ಲಿ. ಬೆಳಗ್ಗೆ ಕಳಿಸಿದ ಒಳ್ಳೆಯ ಲೇಖನ ಸಂಜೆಯ ಹುಟ್ಟುಹಬ್ಬದ ಶುಭಾಶಯಗಳಡಿ ಹೂತುಹೋಗಿರುತ್ತದೆ.

ಈಗ ನಾನು ಉದ್ಧರಿಸುವ ಪ್ರತಿ ಪುಟವನ್ನೂ ಜೊಟೆರೊದಲ್ಲಿಟ್ಟು, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೂ ಒಪ್ಪಿಸುತ್ತೇನೆ. ಎರಡೇ ನಿಮಿಷದ ಕೆಲಸ. ಕಳೆದುಹೋದ ಕೊಂಡಿಗಳಲ್ಲಿ ಹನ್ನೊಂದು ಅಲ್ಲಿಯೇ ಸಿಕ್ಕವು. ಯಾರೋ ಗುರುತಿಲ್ಲದ ಓದುಗರು ಎಂದೋ ಉಳಿಸಿರಬೇಕು. ಉಳಿದವುಗಳ ಮೇಲೆ ನಿಂತಿದ್ದ ಎರಡು ಪುಟಗಳ ವಾದವನ್ನು ಅಧ್ಯಾಯದಿಂದ ತೆಗೆದೆ.