ಕಿತ್ತಳೆ ಕೈಪಟ್ಟಿಯ ಪ್ರಯೋಗ

ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಗೋಳುಹೊಯ್ದುಕೊಳ್ಳುವುದನ್ನು ನಿಲ್ಲಿಸಲು ದೊಡ್ಡವರಿಗೆ ಸಾಮಾನ್ಯವಾಗಿ ಹೊಳೆಯುವುದು ಎರಡೇ ದಾರಿ: ಪ್ರಾರ್ಥನೆಯ ಹೊತ್ತಿಗೆ ಬುದ್ಧಿಮಾತು, ಸಿಕ್ಕಿಬಿದ್ದವರಿಗೆ ಶಿಕ್ಷೆ. ಅಮೆರಿಕದ ನ್ಯೂಜೆರ್ಸಿಯ ಮಿಡ್ಲ್ ಸ್ಕೂಲುಗಳಲ್ಲಿ 2012–13ರಲ್ಲಿ ನಡೆದ ‘ರೂಟ್ಸ್’ ಕಾರ್ಯಕ್ರಮ ಇವೆರಡನ್ನೂ ನೆಚ್ಚಲಿಲ್ಲ. ಇದನ್ನು ರೂಪಿಸಿ ಪರೀಕ್ಷಿಸಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲೆವಿ ಪಲಕ್ ಮತ್ತು ಅವರ ಸಂಗಡಿಗರಾದ ಹಾನಾ ಶೆಫರ್ಡ್, ಪೀಟರ್ ಆರೊನೋ. 56 ಶಾಲೆಗಳು, 24,191 ಮಕ್ಕಳು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು.

ಇದರ ಹಿಂದಿನ ತಿಳಿವಳಿಕೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಹನ್ನೆರಡು ಹದಿಮೂರರ ಮಕ್ಕಳು ಮೇಷ್ಟ್ರ ಮುಖಕ್ಕಿಂತ ಹೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಬ್ಬ ಹುಡುಗನ ಮೈಬಣ್ಣವನ್ನೋ ತೊದಲನ್ನೋ ಹಿಡಿದು ಕಾಡುವಾಗ ಸುತ್ತ ನಿಂತವರಲ್ಲಿ ಹಲವರಿಗೆ ಒಳಗೊಳಗೇ ಕಸಿವಿಸಿ. ಆದರೆ ಉಳಿದವರಿಗೆಲ್ಲ ಇದು ಸರಿಯೆನಿಸಿದೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುವುದರಿಂದ ಯಾರೂ ಬಾಯಿ ಬಿಡುವುದಿಲ್ಲ. ಹಾಗಿದ್ದರೆ ಕಾಡುವವನ ಸ್ವಭಾವ ತಿದ್ದುವುದಕ್ಕಿಂತ ಮೊದಲು, ‘ನಮ್ಮ ಶಾಲೆಯಲ್ಲಿ ಇದೆಲ್ಲ ನಡೆಯುತ್ತೆ’ ಎಂಬ ನಂಬಿಕೆಯನ್ನು ಕದಲಿಸಬೇಕು. ಅದನ್ನು ಕದಲಿಸಬಲ್ಲವರು ಯಾರು?

ಉತ್ತರಕ್ಕಾಗಿ ಅವರು ಮಕ್ಕಳನ್ನೇ ಕೇಳಿದರು. ಇತ್ತೀಚೆಗೆ ನೀವಾಗಿಯೇ ಇಷ್ಟಪಟ್ಟು ಯಾರ ಜೊತೆ ಹೊತ್ತು ಕಳೆದಿರಿ? ಹತ್ತು ಹೆಸರುಗಳವರೆಗೆ ಬರೆಯಬಹುದು. ಹೆಚ್ಚು ಮಂದಿ ಬರೆದ ಹೆಸರುಗಳನ್ನು ಹೆಕ್ಕಿ ತೆಗೆದಾಗ, ಶಾಲೆ ಯಾರತ್ತ ನೋಡುತ್ತಿದೆ ಎಂಬುದು ಗೊತ್ತಾಯಿತು. ಹೀಗೆ ಸಿಕ್ಕವರು ಜಾಣರೇ ಆಗಿರಬೇಕಿಲ್ಲ, ಟೀಚರ ಮೆಚ್ಚಿನವರೂ ಆಗಿರಬೇಕಿಲ್ಲ. ಅರ್ಧದಷ್ಟು ಶಾಲೆಗಳಲ್ಲಿ ಇಪ್ಪತ್ತರಿಂದ ಮೂವತ್ತೆರಡು ಮಕ್ಕಳ ಗುಂಪನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರಿಂದ, ಕೆಲವು ಗುಂಪಿಗೆ ಇಂಥ ಮಕ್ಕಳು ಹೆಚ್ಚು ಬಂದರು, ಕೆಲವಕ್ಕೆ ಕಡಿಮೆ. ತರಬೇತಾದ ಒಬ್ಬ ಹಿರಿಯರ ಜೊತೆ ಗುಂಪು ಆಗಾಗ ಕೂಡುತ್ತಿತ್ತು. ಇಲ್ಲಿ ಯಾವುದರಿಂದ ನೋವಾಗುತ್ತಿದೆ ಎಂದು ಹೇಳಬೇಕಾದವರು ಮಕ್ಕಳೇ, ಏನು ಮಾಡೋಣ ಎಂದು ಯೋಚಿಸಬೇಕಾದವರೂ ಅವರೇ. ತಮ್ಮದೇ ಮಾತು ಬರೆದು ಪೋಸ್ಟರ್ ಅಂಟಿಸಿದರು. ಯಾರಾದರೂ ಇನ್ನೊಬ್ಬರ ನೆರವಿಗೆ ನಿಂತದ್ದು ಕಂಡರೆ ಅವರ ಕೈಗೆ ಕಿತ್ತಳೆ ಬಣ್ಣದ ಪಟ್ಟಿ ಕೊಟ್ಟರು.

ವರ್ಷದ ಕೊನೆಗೆ, ಕಾರ್ಯಕ್ರಮ ನಡೆಯದ ಶಾಲೆಗಳಿಗೆ ಹೋಲಿಸಿದರೆ, ಈ ಶಾಲೆಗಳಲ್ಲಿ ಮಕ್ಕಳ ಜಗಳಕ್ಕೆ ಸಂಬಂಧಿಸಿ ದಾಖಲಾದ ಶಿಸ್ತು ದೂರುಗಳು ಸರಾಸರಿ ಶೇ. 30ರಷ್ಟು ಕಡಿಮೆಯಾಗಿದ್ದವು. ಎಲ್ಲರ ಕಣ್ಣಿರುವ ಮಕ್ಕಳು ಗುಂಪಿನಲ್ಲಿ ಐದಕ್ಕೊಬ್ಬರಂತೆ ಇದ್ದಲ್ಲಿ ಇಳಿಕೆ ಶೇ. 60ರ ಹತ್ತಿರ ಹೋಯಿತು. ಭಾಷಣವಿಲ್ಲದೆ, ಹೊಸ ಶಿಕ್ಷೆಯಿಲ್ಲದೆ ಇಷ್ಟಾದದ್ದು ಸಣ್ಣ ಮಾತಲ್ಲ. ಮಕ್ಕಳ ವಿವೇಕವನ್ನು ನಂಬಿ ಕೆಲಸ ಒಪ್ಪಿಸಿದ್ದಕ್ಕೇ ಈ ಕಾರ್ಯಕ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೂ ನನ್ನ ತಕರಾರು ಗಟ್ಟಿಯಾಗಿಯೇ ಇದೆ. ದೂರಿನ ಪುಸ್ತಕಕ್ಕೆ ಬರುವುದು ದೊಡ್ಡವರ ಕಿವಿಗೆ ಬಿದ್ದದ್ದು ಮಾತ್ರ. ಊಟದ ಬೆಂಚಿನಲ್ಲಿ ಜಾಗವಿದ್ದೂ ‘ಇಲ್ಲಿ ಬೇರೆಯವರು ಬರ್ತಾರೆ’ ಎಂದು ದಿನವೂ ಕಳಿಸಲ್ಪಡುವ ಹುಡುಗಿಯ ಸಂಕಟ ಅಲ್ಲಿ ದಾಖಲಾಗುವುದಿಲ್ಲ. ಇನ್ನೊಂದು ಸಂಗತಿ: ರಾಬರ್ಟ್ ಫಾರಿಸ್ ಮತ್ತು ಡಯಾನ್ ಫೆಲ್ಮ್‌ಲೀ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗೆಳೆಯರ ನಡುವೆ ಸ್ಥಾನ ಏರಿದಂತೆ ಮಕ್ಕಳ ಆಕ್ರಮಣಶೀಲತೆಯೂ ಏರುತ್ತದೆ, ತೀರಾ ತುದಿ ಮುಟ್ಟಿದವರಲ್ಲಷ್ಟೇ ಅದು ಇಳಿಯುತ್ತದೆ. ಅಂದರೆ ಎಲ್ಲರೂ ನೋಡುವ ಮಕ್ಕಳಲ್ಲಿ ಕಾಡುವವರೂ ಇರಬಹುದು. ಅಂಥವನ ಕೈಯಿಂದ ಕಿತ್ತಳೆ ಪಟ್ಟಿ ಪಡೆಯಬೇಕಾದ ಮಗುವಿಗೆ ಏನನ್ನಿಸೀತು? ನೊಂದ ಮಗುವಿನ ಪಕ್ಕದಲ್ಲಿ ಹೋಗಿ ನಿಲ್ಲುವ ಏರ್ಪಾಡು ರೂಟ್ಸ್‌ನ ಕೇಂದ್ರದಲ್ಲಿಲ್ಲ.

ಆ ಏರ್ಪಾಡು ಫಿನ್ಲೆಂಡಿನ ‘ಕಿವಾ’ದಲ್ಲಿದೆ. ಟುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಅವರ ತಂಡ ಕಟ್ಟಿದ ಇದು 2009ರಿಂದ ದೇಶದುದ್ದಕ್ಕೂ ಹಬ್ಬಿತು. ಒಂದು ಪ್ರಕರಣ ಗೊತ್ತಾದರೆ ಶಿಕ್ಷಕರ ತಂಡ ನೊಂದವರೊಂದಿಗೂ ನೋಯಿಸಿದವರೊಂದಿಗೂ ಮಾತಾಡುತ್ತದೆ. ಜೊತೆಗೆ, ತರಗತಿಯಲ್ಲಿ ಮಾತು ನಡೆಯುವ ಎರಡರಿಂದ ನಾಲ್ಕು ಸಹೃದಯಿ ಮಕ್ಕಳನ್ನು ತರಗತಿಯ ಶಿಕ್ಷಕರು ಕರೆದು, ನೊಂದ ಮಗುವಿನ ಜೊತೆಗಿರಿ ಎಂದು ಕೇಳಿಕೊಳ್ಳುತ್ತಾರೆ. ಎಷ್ಟು ಸರಳ, ಎಷ್ಟು ಅಗತ್ಯ! ಆದರೆ ಕಿವಾದ ಪರಿಣಾಮ ಚಿಕ್ಕ ತರಗತಿಗಳಲ್ಲಿ ಚೆನ್ನಾಗಿದ್ದು ಏಳರಿಂದ ಒಂಬತ್ತರಲ್ಲಿ ಕುಗ್ಗಿತು. ಆ ವಯಸ್ಸಿನವರು ದೊಡ್ಡವರು ಸಿದ್ಧಪಡಿಸಿಟ್ಟ ಪಾಠಕ್ಕೆ ಬಗ್ಗುವುದು ಕಡಿಮೆ ಎಂದು ನನ್ನ ಊಹೆ. ಅಲ್ಲಿಗೆ ರೂಟ್ಸ್‌ನ ದಾರಿಯೇ ಹೊಂದುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು.

ನಮ್ಮ ಆರು, ಏಳನೇ ತರಗತಿಗಳಲ್ಲಿ ಕ್ಲಾಸ್ ಲೀಡರನ್ನು ಬಹುಮಟ್ಟಿಗೆ ಟೀಚರೇ ಆರಿಸುತ್ತಾರೆ. ಅವನ ಕೆಲಸ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು. ಅವನ ಅಧಿಕಾರವೆಲ್ಲ ಟೀಚರದ್ದು. ಹಾಗಾಗಿ ಅವನು ‘ಬಿಡ್ರೋ ಅವನನ್ನ’ ಎಂದರೂ ಯಾರೂ ಕೇಳುವುದಿಲ್ಲ. ‘ಯಾರ ಜೊತೆ ಹೊತ್ತು ಕಳೆಯುತ್ತೀರಿ’ ಎಂಬ ಒಂದು ಪ್ರಶ್ನೆಯ ಹಾಳೆಯನ್ನು ಇಲ್ಲಿ ಹಂಚುವುದಕ್ಕೆ ಖರ್ಚೇನೂ ಇಲ್ಲ. ಆದರೆ ಅದು ಮರಳಿ ಬಂದಾಗ, ಯಾರೂ ಬರೆಯದ ಹೆಸರುಗಳೂ ಎದ್ದು ಕಾಣುತ್ತವೆ. ಆ ಪಟ್ಟಿ ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿರಬಾರದು, ಪೋಷಕರ ಸಭೆಯಲ್ಲಿ ಬಾಯಿಗೆ ಬರಬಾರದು. ಅದನ್ನು ಓದಿದ ಶಿಕ್ಷಕರು ಮೊದಲು ಆ ಮಕ್ಕಳ ಬಳಿ ಹೋಗಬೇಕು, ಪೋಸ್ಟರಿನ ಕೆಲಸ ಆಮೇಲೆ.